ಪೂಜ್ಯ ಶ್ರೀ ಸ್ವಾಮಿ ರಾಮದಾಸರು
(ಕಾಞಂಗಾಡು ಆನಂದಾಶ್ರಮದ ಸಂತರ ಜೀವನ ಮತ್ತು ಹಿರಿಯರಿಗೆ ಅದರ ಬೋಧೆ)

ಮನುಷ್ಯನು ಹುಟ್ಟಿದಂದಿನಿಂದ ಲೋಕವು ಅವನಿಗೆ ಒಂದಾದ ಮೇಲೊಂದು ಹೆಸರನ್ನು ಕೊಡುತ್ತ ಬರುತ್ತದೆ. ಮೊದಲು ಅವನು ಇಂಥವರ ಮಗನೆನಿಸಿಕೊಳ್ಳುತ್ತಾನೆ. ಅನಂತರ ಇಂಥವಳ ಗಂಡ, ಇಂಥ ಮಕ್ಕಳ ತಂದೆ, ಇಂಥ ಮನೆಯ ಯಜಮಾನ, ಇಂಥ ಕಚೇರಿಯ ನೌಕರ, ಇಂಥ ದೇವಸ್ಥಾನದ ಮೊಕ್ತೇಸರ ಎಂದು ಹೆಸರುಗಳು ಬೆಳೆಯುತ್ತವೆ. ಹೆಂಗಸರ ಪಾಲಿಗೂ ಮಗಳು, ಸೊಸೆ, ತಾಯಿ, ಅತ್ತೆ ಎಂಬ ಹೆಸರುಗಳು ತಪ್ಪಿದ್ದಲ್ಲ. ನಡುಪ್ರಾಯ ಕಳೆಯುವ ಹೊತ್ತಿಗೆ ಈ ಹೆಸರುಗಳೇ ತಾನೆಂಬ ಭಾವನೆಯು ಬಲವಾಗಿ ಬೇರೂರಿರುತ್ತದೆ. ಆದರೆ ಮುಪ್ಪು ಬಂತೆಂದರೆ ಅವು ಒಂದೊಂದಾಗಿ ಕಳಚತೊಡಗುತ್ತವೆ. ಮನೆಯ ಬೀಗದ ಕೈ ಮಗನ ಸೊಂಟಕ್ಕೆ ಹೋಗುತ್ತದೆ. ಕಚೇರಿಯ ಕುರ್ಚಿಯಲ್ಲಿ ಬೇರೊಬ್ಬರು ಕುಳಿತುಕೊಳ್ಳುತ್ತಾರೆ. ಊರಿನ ಪಂಚಾತಿಕೆಗೆ ಕರೆ ಬರುವುದು ನಿಲ್ಲುತ್ತದೆ. ಎಷ್ಟೋ ಮಂದಿ ಹಿರಿಯರು ಆಗ ದೇಹದ ಬೇನೆಗಿಂತ ಹೆಚ್ಚಾಗಿ ಈ ಬರಿದಾಗುವಿಕೆಯಿಂದಲೇ ನೊಂದುಕೊಳ್ಳುತ್ತಾರೆ. ಹೆಸರುಗಳೆಲ್ಲ ಹೋದ ಮೇಲೆ ಉಳಿಯುವವನು ಯಾರು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರುವುದಿಲ್ಲ.

ನಮ್ಮ ಪೂರ್ವಿಕರು ಈ ಪ್ರಶ್ನೆಯನ್ನು ಚೆನ್ನಾಗಿ ಅರಿತಿದ್ದುದರಿಂದಲೇ ಗೃಹಸ್ಥಾಶ್ರಮದ ಮುಂದೆ ವಾನಪ್ರಸ್ಥವನ್ನೂ ಸಂನ್ಯಾಸವನ್ನೂ ಇಟ್ಟರು. ಕಾಡಿಗೆ ಹೋಗುವುದು ಈ ಕಾಲದಲ್ಲಿ ಎಲ್ಲರಿಗೂ ಆಗುವ ಮಾತಲ್ಲ. ಆದರೂ ಪಾತ್ರಗಳನ್ನೆಲ್ಲ ಕೆಳಗಿಟ್ಟು ತಾನು ಯಾರೆಂಬುದನ್ನು ಕಂಡುಕೊಂಡ ಮಹನೀಯರೊಬ್ಬರು ನಮ್ಮ ಈ ಕಾಸರಗೋಡು ಜಿಲ್ಲೆಯಲ್ಲಿಯೇ ಜನಿಸಿ, ಇಲ್ಲಿಯೇ ಮುದುಕರಾಗಿ, ಇಲ್ಲಿಯ ಮಣ್ಣಿನಲ್ಲಿಯೇ ದೇಹವನ್ನು ಬಿಟ್ಟರು. ಅವರೇ ಕಾಞಂಗಾಡು ಆನಂದಾಶ್ರಮದ ಪೂಜ್ಯ ಶ್ರೀ ಸ್ವಾಮಿ ರಾಮದಾಸರು. ದೇವಾಲಯದ ಜೀರ್ಣೋದ್ಧಾರದ ಈ ಶುಭ ಸಂದರ್ಭದಲ್ಲಿ ಅವರ ಚರಿತ್ರೆಯನ್ನು ಸ್ಮರಿಸುವುದು ಉಚಿತವೇ ಆಗಿದೆ.

ಜನನ, ವಿದ್ಯೆ, ಸಂಸಾರ

ಚಂದ್ರಗಿರಿ ಹೊಳೆಯ ತೆಂಕಣ ದಿಕ್ಕಿನಲ್ಲಿ, ಕೆಳದಿಯ ಅರಸರ ಕಾಲದ ಕೋಟೆಯಿಂದ ಹೆಸರು ಪಡೆದ ಹೊಸದುರ್ಗವಿದೆ. ಅದೇ ಕಾಞಂಗಾಡು. ಅಲ್ಲಿಯ ಒಂದು ಸಾರಸ್ವತ ಮನೆತನದಲ್ಲಿ ಬಾಲಕೃಷ್ಣರಾಯರು ಮತ್ತು ಲಲಿತಾಬಾಯಿ ಎಂಬ ದಂಪತಿಗಳ ಪುತ್ರನಾಗಿ ೧೮೮೪ನೆಯ ಇಸವಿ ಏಪ್ರಿಲ್ ೧೦ರಂದು ಸ್ವಾಮಿಗಳು ಜನಿಸಿದರು. ಮಾತಾಪಿತೃಗಳು ಇಟ್ಟ ಹೆಸರು ವಿಠಲರಾವ್. ಆಗ ಈ ಪ್ರದೇಶವು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ಕೇರಳ ರಾಜ್ಯದೊಳಗಾಯಿತು. ೧೯೮೪ರಲ್ಲಿ, ಎಂದರೆ ಸ್ವಾಮಿಗಳು ಹುಟ್ಟಿ ಸರಿಯಾಗಿ ನೂರು ವರ್ಷಗಳಾದಾಗ, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಬಾಲಕ ವಿಠಲರಾಯನ ಬುದ್ಧಿ ಚುರುಕಾಗಿದ್ದರೂ ಶಾಲೆಯ ಪಾಠಕ್ರಮಕ್ಕೆ ಅದು ಒಗ್ಗಿಕೊಳ್ಳಲಿಲ್ಲ. ಇಂಗ್ಲಿಷ್ ಸಾಹಿತ್ಯವನ್ನು ಓದುವುದರಲ್ಲಿಯೂ ಚಿತ್ರಕಲೆಯಲ್ಲಿಯೂ ಅವರಿಗೆ ಆಸಕ್ತಿ ಹೆಚ್ಚು. ಮಂಗಳೂರಿನಲ್ಲಿ ವಿದ್ಯಾಭ್ಯಾಸ ನಡೆದು, ಮದರಾಸಿನ ಕಲಾಶಾಲೆಯಲ್ಲಿ ಸ್ವಲ್ಪ ಕಾಲ ಕಲಿತು, ಕೊನೆಗೆ ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ನೂಲು ಬಟ್ಟೆಗಳ ತಯಾರಿಕೆಯ ವಿದ್ಯೆಯನ್ನು ಅಭ್ಯಸಿಸಿದರು. ಆ ಬಳಿಕ ಗುಲ್ಬರ್ಗದ ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗದ ಮೇಲ್ವಿಚಾರಕರಾದರು. ೧೯೦೮ರಲ್ಲಿ ರುಕ್ಮಾಬಾಯಿಯವರೊಡನೆ ವಿವಾಹವಾಯಿತು. ೧೯೧೩ರಲ್ಲಿ ರಮಾಬಾಯಿ ಎಂಬ ಹೆಣ್ಣುಮಗು ಜನಿಸಿತು.

ಹೀಗೆ ಮಗ, ವಿದ್ಯಾರ್ಥಿ, ಗಿರಣಿಯ ನೌಕರ, ಗಂಡ, ತಂದೆ ಎಂಬ ಪಾತ್ರಗಳನ್ನು ಅವರು ಒಂದೊಂದಾಗಿ ಧರಿಸಿದರು. ಆದರೆ ಯಾವ ಉದ್ಯೋಗವೂ ಕೈಯಲ್ಲಿ ನಿಲ್ಲಲಿಲ್ಲ. ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ನೌಕರಿಯಿಂದ ಇನ್ನೊಂದು ನೌಕರಿಗೆ ತಿರುಗಿದರು. ನಡುನಡುವೆ ನಿರುದ್ಯೋಗದ ದಿನಗಳೂ ಬಂದುವು. ಕೊನೆಗೆ ಮಂಗಳೂರಿಗೆ ಬಂದು ಬಟ್ಟೆಗೆ ಬಣ್ಣ ಹಾಕಿ ಅಚ್ಚೊತ್ತುವ ಸ್ವಂತ ಉದ್ಯಮವನ್ನು ಹೂಡಿದರು. ಅದೂ ಕೈಗೂಡಲಿಲ್ಲ. ಸಾಲ ಬೆಳೆಯಿತು, ಮನೆಯಲ್ಲಿ ನೆಮ್ಮದಿ ಕಡಮೆಯಾಯಿತು. ಲೋಕದ ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಮೂವತ್ತೈದು ವರ್ಷ ದಾಟಿದ ವಿಠಲರಾಯರು ಖರ್ಚಿನ ಕಡೆಗೇ ಬರೆಯಲ್ಪಟ್ಟವರು.

ತಂದೆಯು ಗುರುವಾದುದು

೧೯೨೦ರ ಸುಮಾರಿಗೆ ಅವರ ಅಂತರಂಗದಲ್ಲಿ ತೀವ್ರವಾದ ಪರಿವರ್ತನೆ ತೊಡಗಿತು. ಈ ಕಳವಳದ ನಡುವೆ ನಿಜವಾದ ಸುಖ ಎಲ್ಲಿದೆ ಎಂದು ಮನಸ್ಸು ಹುಡುಕುತ್ತಿದ್ದಾಗ ರಾಮನಾಮವು ತಾನಾಗಿ ನಾಲಗೆಯ ಮೇಲೆ ಬಂದು ನೆಲೆಸಿತು. ಕೆಲಸದ ನಡುವೆಯೂ ರಾತ್ರಿಯ ನಿಶ್ಶಬ್ದದಲ್ಲಿಯೂ ಅವರು ಜಪವನ್ನು ನಡೆಸಿಕೊಂಡು ಬಂದರು. ಇದನ್ನು ಬಾಲಕೃಷ್ಣರಾಯರು ಗಮನಿಸಿದರು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕಾದ ವಿಷಯವಿದೆ. ಮಗನ ವ್ಯಾಪಾರ ಮುಳುಗಿದೆ; ಸೊಸೆಯೂ ಏಳೆಂಟು ವರ್ಷದ ಮೊಮ್ಮಗಳೂ ಇದ್ದಾರೆ; ಇಂಥ ಸಮಯದಲ್ಲಿ ಮಗನು ಜಪಮಾಡುತ್ತ ಕುಳಿತರೆ ಮನೆಯ ಹಿರಿಯರು ಏನು ಹೇಳುವರೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಗದರಿಸಿ ಬುದ್ಧಿ ಹೇಳುವುದು ತಂದೆಯೆಂಬ ಪಾತ್ರಕ್ಕೆ ಲೋಕವು ವಿಧಿಸಿದ ಕೆಲಸ. ಬಾಲಕೃಷ್ಣರಾಯರು ಹಾಗೆ ಮಾಡಲಿಲ್ಲ. ಅವರು ಮಗನನ್ನು ಹತ್ತಿರ ಕರೆದು ಹದಿಮೂರು ಅಕ್ಷರಗಳ ಶ್ರೀರಾಮ ತಾರಕಮಂತ್ರವನ್ನು ಉಪದೇಶಿಸಿ, ಇದನ್ನು ಬಿಡದೆ ಜಪಿಸಿದರೆ ಶಾಶ್ವತವಾದ ಆನಂದವನ್ನು ರಾಮನು ಕರುಣಿಸುವನೆಂದು ಭರವಸೆಯಿತ್ತರು. ಆ ಗಳಿಗೆಯಲ್ಲಿ ವೃದ್ಧರಾದ ತಂದೆಯು ಪಿತೃತ್ವದ ಅಧಿಕಾರವನ್ನು ಬದಿಗಿಟ್ಟು, ಮಗನೆಂಬ ಮಮತೆಯನ್ನೂ ಬದಿಗಿಟ್ಟು, ಒಂದು ಜೀವವು ಇನ್ನೊಂದು ಜೀವಕ್ಕೆ ದಾರಿ ತೋರಿಸುವಂತೆ ನಡೆದುಕೊಂಡರು. ಅಂದಿನಿಂದ ವಿಠಲರಾಯರು ತಂದೆಯನ್ನು ಗುರುದೇವರೆಂದೇ ಭಾವಿಸಿದರು. ಮಂತ್ರದ ಮೊದಲಿಗೆ ಓಂಕಾರವನ್ನು ಸೇರಿಸಿಕೊಂಡು ಜಪವನ್ನು ಮುಂದುವರಿಸಿದರು. ರಾಮದಾಸರ ಚರಿತ್ರೆಯಲ್ಲಿ ಪಾತ್ರವನ್ನು ಮೊದಲು ಕಳಚಿದವರು ಅವರ ತಂದೆಯೇ ಎಂದು ಹೇಳಿದರೆ ತಪ್ಪಾಗದು. ಅವರು ಮನೆಯನ್ನು ಬಿಡಲಿಲ್ಲ, ಕಾವಿ ಉಡಲಿಲ್ಲ; ಗೃಹಸ್ಥರಾಗಿಯೇ ಇದ್ದು ಅದನ್ನು ಸಾಧಿಸಿದರು.

ಗೃಹತ್ಯಾಗ

ಮಂತ್ರೋಪದೇಶವಾದ ಬಳಿಕ ವೈರಾಗ್ಯವು ದಿನದಿಂದ ದಿನಕ್ಕೆ ಬಲಿಯಿತು. ಒರಟು ಖಾದಿಯ ಉಡುಗೆ, ಒಂದೇ ಹೊತ್ತಿನ ಆಹಾರ, ಬರಿಯ ಚಾಪೆಯ ಮೇಲೆ ಅಲ್ಪ ನಿದ್ರೆ, ಉಳಿದ ಹೊತ್ತೆಲ್ಲ ನಾಮಸ್ಮರಣೆ. ಕೊನೆಗೆ ೧೯೨೨ರ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ, ತಮ್ಮ ಮೂವತ್ತೆಂಟನೆಯ ವಯಸ್ಸಿನಲ್ಲಿ, ಹೆಂಡತಿಗೊಂದು ಸ್ನೇಹಿತರಿಗೊಂದು ಹೀಗೆ ಎರಡು ಪತ್ರಗಳನ್ನು ಬರೆದಿಟ್ಟು, ಇಪ್ಪತ್ತೈದು ರೂಪಾಯಿಗಳನ್ನೂ ಕೆಲವು ಪುಸ್ತಕಗಳನ್ನೂ ತೆಗೆದುಕೊಂಡು ಮಂಗಳೂರಿನಿಂದ ರೈಲು ಹತ್ತಿದರು. ಎಲ್ಲಿಗೆ ಹೋಗಬೇಕೆಂಬ ನಿಶ್ಚಯ ಅವರಿಗಿರಲಿಲ್ಲ. ರಾಮನು ಕರೆದುಕೊಂಡು ಹೋದಲ್ಲಿಗೆ ಹೋಗುವುದೊಂದೇ ನಿಶ್ಚಯ.

ಈರೋಡಿನ ಮಾರ್ಗವಾಗಿ ಶ್ರೀರಂಗಕ್ಕೆ ಬಂದು ಕಾವೇರಿಯಲ್ಲಿ ಮಿಂದು, ಉಟ್ಟಿದ್ದ ಬಿಳಿಯ ವಸ್ತ್ರಗಳನ್ನು ನದಿಗೆ ಅರ್ಪಿಸಿ, ಕಾವಿ ಬಟ್ಟೆಯನ್ನು ಧರಿಸಿದರು. ಅಲ್ಲಿಯೇ ಮೂರು ವ್ರತಗಳನ್ನು ಸ್ವೀಕರಿಸಿದರು. ಇಡಿಯ ಬಾಳನ್ನು ರಾಮನ ಧ್ಯಾನಕ್ಕೂ ಸೇವೆಗೂ ಮುಡಿಪಾಗಿಡುವುದು ಒಂದು. ಬ್ರಹ್ಮಚರ್ಯವನ್ನು ಪಾಲಿಸುತ್ತ ಎಲ್ಲ ಸ್ತ್ರೀಯರನ್ನೂ ತಾಯಿಯೆಂದು ಕಾಣುವುದು ಎರಡನೆಯದು. ಭಿಕ್ಷಾನ್ನದಿಂದಲೇ ದೇಹವನ್ನು ಪೋಷಿಸುವುದು ಮೂರನೆಯದು. ವಿಠಲರಾವ್ ಎಂಬ ಹೆಸರು ಅಲ್ಲಿಗೆ ಮುಗಿಯಿತು. ರಾಮದಾಸ ಎಂಬ ಹೆಸರು ಉಳಿಯಿತು.

ಅಂದಿನಿಂದ ಅವರ ಮಾತಿನಲ್ಲಿ ಒಂದು ವಿಶೇಷವು ಕಾಣಿಸಿಕೊಂಡಿತು. ತಮ್ಮನ್ನು ಕುರಿತು ಹೇಳಬೇಕಾದಾಗಲೆಲ್ಲ ನಾನು ಎಂಬ ಪದವನ್ನು ಬಳಸದೆ ರಾಮದಾಸನೆಂದೇ ಹೇಳಿಕೊಳ್ಳುತ್ತಿದ್ದರು. ರಾಮದಾಸನಿಗೆ ಹಸಿವಾಯಿತು, ರಾಮದಾಸನು ನಡೆದನು, ರಾಮದಾಸನು ತಪ್ಪಿದನು, ಹೀಗೆ ಬೇರೆ ಯಾರದೋ ಸಮಾಚಾರವನ್ನು ತಿಳಿಸುವ ಧಾಟಿ. ಈ ಅಭ್ಯಾಸವು ಕೊನೆಯುಸಿರಿನವರೆಗೂ ತಪ್ಪಲಿಲ್ಲ. ಲೋಕವು ಕೊಟ್ಟ ಹೆಸರುಗಳಿಗೂ ಒಳಗಿರುವ ಚೈತನ್ಯಕ್ಕೂ ನಡುವೆ ಎಷ್ಟು ಅಂತರವನ್ನಿಡಬೇಕೆಂಬುದನ್ನು ಅವರು ವ್ಯಾಕರಣದಲ್ಲಿಯೇ ಅಳವಡಿಸಿಕೊಂಡರು. ದಾಸನೆಂಬ ಒಂದು ಪಾತ್ರವನ್ನು ಮಾತ್ರ ಉಳಿಸಿಕೊಂಡರು. ಏಕೆಂದರೆ ಆ ಪಾತ್ರದಲ್ಲಿ ತನ್ನದೆಂದು ಹೇಳಿಕೊಳ್ಳುವುದಕ್ಕೆ ಏನೂ ಇಲ್ಲ.

ಅರುಣಾಚಲದಲ್ಲಿ

ದಕ್ಷಿಣದ ಕ್ಷೇತ್ರಗಳನ್ನು ಸಂದರ್ಶಿಸುತ್ತ ತಿರುವಣ್ಣಾಮಲೈಗೆ ಬಂದಾಗ ಭಗವಾನ್ ರಮಣ ಮಹರ್ಷಿಗಳ ದರ್ಶನ ಲಭಿಸಿತು. ರಾಮದಾಸರು ಕೃಪೆಯನ್ನು ಬೇಡಿದರು. ಮಹರ್ಷಿಗಳು ಮಾತಿನಲ್ಲಿ ಏನನ್ನೂ ಬೋಧಿಸದೆ, ಕೆಲವು ನಿಮಿಷ ಅವರನ್ನು ದೃಷ್ಟಿಸಿ ನೋಡಿ ತಲೆದೂಗಿದರು. ತಾನು ಯಾರೆಂದು ವಿಚಾರಿಸಿಕೊಳ್ಳಿರೆಂದು ಜನರಿಗೆ ಬೋಧಿಸುತ್ತಿದ್ದ ಮಹರ್ಷಿಗಳ ಸನ್ನಿಧಿಗೆ, ನಾನು ಎಂಬುದನ್ನೇ ಬಿಡಲು ಹೊರಟ ದಾಸರು ಬಂದುದು ದೈವಸಂಕಲ್ಪವೇ ಸರಿ. ಒಬ್ಬರದು ಜ್ಞಾನದ ಹಾದಿ, ಮತ್ತೊಬ್ಬರದು ಭಕ್ತಿಯ ಹಾದಿ. ಸೇರುವ ಊರು ಒಂದೇ.

ಅಲ್ಲಿಂದ ಅವರು ಅರುಣಾಚಲದ ಒಂದು ಗುಹೆಯನ್ನು ಸೇರಿ ಸುಮಾರು ಮೂರು ವಾರ ಅಲ್ಪಾಹಾರದಲ್ಲಿ ಹಗಲಿರುಳೂ ನಾಮಜಪದಲ್ಲಿ ಮುಳುಗಿದರು. ಒಂದು ಮುಂಜಾನೆ ಲೋಕವೆಲ್ಲ ರಾಮಮಯವಾಗಿ ತೋರಿತು. ಹೊರಗೆ ಬಂದು ಕಂಡ ಮರವನ್ನೂ ದಾರಿಹೋಕನನ್ನೂ ರಾಮನೆಂದೇ ಅಪ್ಪಿಕೊಂಡರು. ಅನಂತರದ ಯಾತ್ರೆಯಲ್ಲಿ ಈ ದೃಷ್ಟಿ ಪರೀಕ್ಷೆಗೊಳಗಾಯಿತು. ತಿರುಪತಿ, ಪುರಿ, ಕಲ್ಕತ್ತ, ಕಾಶಿ, ಅಯೋಧ್ಯೆ, ಬದರಿ ಕೇದಾರ, ಮಥುರೆ ವೃಂದಾವನ, ದ್ವಾರಕೆ, ಪಂಢರಪುರ ಎಂದು ಸುತ್ತಿದ ಈ ಪ್ರವಾಸದಲ್ಲಿ ಟಿಕೆಟು ಇಲ್ಲವೆಂದು ರೈಲಿನಿಂದ ಇಳಿಸಲ್ಪಟ್ಟದ್ದು ಎಷ್ಟೋ ಸಲ. ಇಳಿಸಿದವನೂ ರಾಮ, ಇಳಿದ ನಿಲ್ದಾಣವೂ ರಾಮನ ಇಚ್ಛೆಯೆಂದು ಅವರು ಸಂತೋಷವಾಗಿಯೇ ಇಳಿಯುತ್ತಿದ್ದರು. ಗಿರಣಿಯಲ್ಲಿ ಹತ್ತಾರು ಕೆಲಸಗಾರರ ಮೇಲ್ವಿಚಾರಕನಾಗಿದ್ದವನು ಹೀಗೆ ಪ್ಲಾಟುಫಾರಂನಲ್ಲಿ ನಿಂತು ನಗಬೇಕಾದರೆ ಹಳೆಯ ಕುರ್ಚಿಯ ನೆನಪು ಎಷ್ಟು ಪೂರ್ತಿಯಾಗಿ ಅಳಿದಿರಬೇಕೆಂಬುದನ್ನು ಊಹಿಸಬಹುದು.

ಹುಬ್ಬಳ್ಳಿಯ ಭೇಟಿ

ಸುಮಾರು ಒಂದು ವರ್ಷದ ಪರ್ಯಟನದ ಕೊನೆಯಲ್ಲಿ ರಾಮದಾಸರು ಹುಬ್ಬಳ್ಳಿಗೆ ಬಂದು ಶ್ರೀ ಸಿದ್ಧಾರೂಢ ಸ್ವಾಮಿಗಳ ಮಠದಲ್ಲಿ ತಂಗಿದರು. ಈ ಸಮಾಚಾರವನ್ನು ತಿಳಿದು ರುಕ್ಮಾಬಾಯಿಯವರು ಮಗಳನ್ನು ಕರೆದುಕೊಂಡು ಅಲ್ಲಿಗೆ ಬಂದರು. ಮನೆಗೆ ಮರಳಬೇಕೆಂದು ಕೇಳಿಕೊಂಡರು.

ಸಂತರ ಚರಿತ್ರೆಯನ್ನು ಬರೆಯುವವರು ಸಾಧಾರಣವಾಗಿ ಇಂಥ ಸ್ಥಳದಲ್ಲಿ ವೇಗವಾಗಿ ಮುಂದೆ ಸಾಗುತ್ತಾರೆ. ಹಾಗೆ ಮಾಡುವುದು ಆ ತಾಯಿಗೆ ನ್ಯಾಯವೆನಿಸದು. ಗಂಡನು ಪಾತ್ರವನ್ನು ಕಳಚಿದರೂ ಹೆಂಡತಿಯೆಂಬ ಪಾತ್ರವನ್ನು ಲೋಕವು ಅವರಿಂದ ಹಿಂದಕ್ಕೆ ಪಡೆಯಲಿಲ್ಲ. ಹತ್ತು ವರ್ಷದ ಮಗಳ ಪೋಷಣೆಯೂ ಭವಿಷ್ಯವೂ ಅವರ ಹೆಗಲಿಗೇ ಬಂದಿತ್ತು. ಒಬ್ಬರು ಬಿಡುಗಡೆ ಹೊಂದಿದಾಗ ಆ ಭಾರವನ್ನು ಇನ್ನೊಬ್ಬರು ಹೊರಬೇಕಾಗುತ್ತದೆ ಎಂಬ ಸತ್ಯವು ಹುಬ್ಬಳ್ಳಿಯ ಆ ಮಠದಂಗಳದಲ್ಲಿ ಕಣ್ಣಿಗೆ ಕಟ್ಟುವಂತೆ ನಿಂತಿತ್ತು. ಯಾರೂ ಈ ಚರಿತ್ರೆಯನ್ನೋದಿ ಮನೆಯವರನ್ನು ಬಿಟ್ಟುಹೋಗುವುದೇ ಧರ್ಮವೆಂದು ತಿಳಿಯಬಾರದು. ಸ್ವತಃ ರಾಮದಾಸರೂ ಮುಂದೆ ತಮ್ಮ ಬಳಿಗೆ ಬಂದ ಗೃಹಸ್ಥರಿಗೆ ಸಂಸಾರವನ್ನು ತೊರೆಯಬೇಕೆಂದು ಬೋಧಿಸಿದವರಲ್ಲ. ಇದ್ದಲ್ಲಿಯೇ ಇದ್ದು, ಮಾಡುವ ಕರ್ತವ್ಯವನ್ನು ರಾಮಾರ್ಪಣವಾಗಿ ಮಾಡುತ್ತ ನಾಮವನ್ನು ಬಿಡದಿರಿ ಎಂಬುದೇ ಅವರ ಉಪದೇಶವಾಗಿತ್ತು.

ಹುಬ್ಬಳ್ಳಿಯಲ್ಲಿ ರಾಮದಾಸರು ಹಠ ಹಿಡಿಯಲಿಲ್ಲ. ಬಂದವರನ್ನು ಕಂಡು ಓಡಿಹೋಗಲಿಲ್ಲ. ಸಿದ್ಧಾರೂಢರ ಅಭಿಪ್ರಾಯವನ್ನು ಕೇಳಿದರು. ಅವರೊಡನೆ ಮಂಗಳೂರಿಗೆ ಹೋಗಬೇಕೆಂದು ಸಿದ್ಧಾರೂಢರು ಸೂಚಿಸಿದಾಗ ಅದನ್ನೂ ರಾಮಾಜ್ಞೆಯೆಂದೇ ತಿಳಿದು ಹೊರಟರು. ಬಿಟ್ಟುಬಂದ ಊರಿಗೆ, ಸಾಲಗಾರರೂ ನೆಂಟರೂ ಪರಿಚಿತರೂ ಇರುವ ಊರಿಗೆ, ಕಾವಿಯುಟ್ಟು ಮರಳಿ ಬರುವುದು ಮನೆ ಬಿಡುವುದಕ್ಕಿಂತ ಕಷ್ಟವಾದ ಕಾರ್ಯ. ಅಪರಿಚಿತರ ನಡುವೆ ತಾನು ಯಾರೂ ಅಲ್ಲವೆಂದು ಇರುವುದು ಸುಲಭ. ತನ್ನನ್ನು ಹಳೆಯ ಹೆಸರಿನಿಂದ ಬಲ್ಲವರ ನಡುವೆ ಹಾಗೆ ಇರುವುದು ದುಸ್ತರ. ಮಂಗಳೂರಿಗೆ ಬಂದ ಮೇಲೆ ಅವರು ಮನೆಗೆ ಹೋಗದೆ ಕದ್ರಿಯ ಗುಡ್ಡವನ್ನೇರಿ ಪಂಚಪಾಂಡವರ ಗುಹೆಯಲ್ಲಿ ವಾಸ ಮಾಡಿದರು. ನಗರದ ಪರಿಚಿತರೂ ಬಂಧುಗಳೂ ಅಲ್ಲಿಗೆ ಬಂದು ಕಾಣುತ್ತಿದ್ದರು. ಊರಿನಲ್ಲಿಯೇ ಇದ್ದು ಊರಿನ ಪಾತ್ರಗಳಿಂದ ಹೊರಗಿರುವ ಒಂದು ಸ್ಥಾನವನ್ನು ಆ ಗುಹೆ ಅವರಿಗೆ ಒದಗಿಸಿತು.

ಅಲ್ಲಿಯೇ ಅವರು ತಮ್ಮ ಒಂದು ವರ್ಷದ ಅನುಭವಗಳನ್ನು ಇಂಗ್ಲಿಷಿನಲ್ಲಿ ಬರೆದರು. ಇನ್ ಕ್ವೆಸ್ಟ್ ಆಫ್ ಗಾಡ್ ಎಂಬ ಹೆಸರಿನಿಂದ ೧೯೨೫ರಲ್ಲಿ ಪ್ರಕಟವಾದ ಈ ಪುಸ್ತಕವು ದೇಶವಿದೇಶಗಳಲ್ಲಿ ಖ್ಯಾತಿ ಪಡೆಯಿತು. ಆತ್ಮಚರಿತ್ರೆಯೆಂದರೆ ನಾನು ಎಂಬ ಪದವೇ ತುಂಬಿರುವುದು ವಾಡಿಕೆ. ಈ ಪುಸ್ತಕದಲ್ಲಿ ಮಾತ್ರ ಬರೆದವರು ತಮ್ಮ ಕಥೆಯನ್ನು ರಾಮದಾಸನೆಂಬ ಮೂರನೆಯವನ ಕಥೆಯಾಗಿಯೇ ನಿರೂಪಿಸಿದ್ದಾರೆ.

ಆನಂದಾಶ್ರಮ

ಅನಂತರ ಕೆಲವು ವರ್ಷ ಪುನಃ ಭಾರತದ ಹಲವು ಕಡೆ ಸಂಚಾರ ನಡೆಯಿತು. ೧೯೨೮ರಲ್ಲಿ ಕಾಸರಗೋಡಿನ ಪಿಲಿಕುಂಜೆಯಲ್ಲಿ ಭಕ್ತರು ಆಶ್ರಮವೊಂದನ್ನು ಕಟ್ಟಿಸಿಕೊಟ್ಟರು. ಅಲ್ಲಿಗೆ ಬಂದವರಲ್ಲಿ ಮುಖ್ಯರಾದವರು ಕೃಷ್ಣಾಬಾಯಿಯವರು. ೧೯೦೩ರಲ್ಲಿ ಜನಿಸಿದ ಅವರು ಎಳೆಯ ಪ್ರಾಯದಲ್ಲಿಯೇ ವೈಧವ್ಯಕ್ಕೊಳಗಾಗಿ, ಇಬ್ಬರು ಗಂಡುಮಕ್ಕಳಿದ್ದರೂ ಬದುಕುವ ಆಸೆಯನ್ನೇ ತೊರೆದಿದ್ದವರು. ಆ ಕಾಲದ ಸಮಾಜವು ವಿಧವೆಗೆ ವಿಧಿಸಿದ್ದ ಪಾತ್ರವೆಂದರೆ ಮನೆಯ ಮೂಲೆ. ರಾಮದಾಸರಿಂದ ನಾಮೋಪದೇಶವನ್ನು ಪಡೆದ ಆ ತಾಯಿಯು ಆ ಮೂಲೆಯಿಂದ ಹೊರಗೆ ಬಂದು ಸಾಧನೆಯ ಶಿಖರವನ್ನೇರಿದರು. ಲೋಕವು ಇದನ್ನು ಸುಲಭವಾಗಿ ಸಹಿಸಲಿಲ್ಲ. ಅಪವಾದಗಳು ಹಬ್ಬಿದುವು, ವಿರೋಧವೂ ಕಂಡುಬಂತು. ರಾಮದಾಸರು ಅಪವಾದವನ್ನು ಅಪವಾದದಿಂದ ಎದುರಿಸಲಿಲ್ಲ, ಸ್ಥಾನವನ್ನೂ ಹಿಡಿದುಕೊಳ್ಳಲಿಲ್ಲ. ಕಾಸರಗೋಡಿನ ಆಶ್ರಮವನ್ನು ಬಿಟ್ಟು ಹೊರಟರು.

೧೯೩೧ರ ಮೇ ೧೫ರಂದು ಅವರ ಹುಟ್ಟೂರಾದ ಕಾಞಂಗಾಡಿನಲ್ಲಿ ಗುಡ್ಡದ ತಪ್ಪಲಿನಲ್ಲಿ ಈಗಿನ ಆನಂದಾಶ್ರಮವು ಆರಂಭವಾಯಿತು. ಹುಟ್ಟಿದ ಊರಿಗೆ ನಲವತ್ತೇಳನೆಯ ವಯಸ್ಸಿನಲ್ಲಿ ಮರಳಿದ ಅವರು ಜಾತಿ, ಮತ, ದೇಶ ಎಂಬ ಭೇದವಿಲ್ಲದೆ ಬಂದವರನ್ನೆಲ್ಲ ಬರಮಾಡಿಕೊಂಡರು. ೧೯೩೩ರಲ್ಲಿ ದಿ ವಿಷನ್ ಎಂಬ ಇಂಗ್ಲಿಷ್ ಮಾಸಪತ್ರಿಕೆ ಹೊರಟಿತು. ನಾಮಸಂಕೀರ್ತನೆಯು ಆಶ್ರಮದ ನಿತ್ಯವಿಧಿಯಾಯಿತು.

ಈ ಆಶ್ರಮದಲ್ಲಿ ನಡೆದ ಒಂದು ಸೋಜಿಗವನ್ನು ಗಮನಿಸಬೇಕು. ಕೃಷ್ಣಾಬಾಯಿಯವರೂ ಭಕ್ತರೂ ರಾಮದಾಸರನ್ನು ಪಪ್ಪಾ ಎಂದು ಕರೆಯತೊಡಗಿದರು. ಕೃಷ್ಣಾಬಾಯಿಯವರು ಎಲ್ಲರಿಗೂ ಮಾತಾಜಿಯಾದರು. ಒಂದು ಮಗುವಿನ ತಂದೆಯೆಂಬ ಪಾತ್ರವನ್ನು ಬಿಟ್ಟವರಿಗೆ ಸಾವಿರಾರು ಜನರ ತಂದೆಯೆಂಬ ಪಾತ್ರವು ಒದಗಿ ಬಂತು. ಅದನ್ನು ಅವರು ಬೇಡವೆನ್ನಲಿಲ್ಲ. ಪಪ್ಪಾ ಎಂದು ಕರೆದಲ್ಲಿ ಓಗೊಟ್ಟರು. ಆದರೆ ಆ ಹೆಸರಿಗೂ ಅಂಟಿಕೊಳ್ಳಲಿಲ್ಲ. ಹಿಂದೆ ಈ ಜಿಲ್ಲೆಯ ಭೂಮಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ವಿಧವಿದ್ದುದನ್ನು ಹಿರಿಯರು ಬಲ್ಲರು. ಮೂಲಗೇಣಿಯು ತಲೆಮಾರುಗಳವರೆಗೆ ಸಾಗುವ ಹಕ್ಕು. ಚಾಲಗೇಣಿಯಾದರೋ ಧಣಿಯು ಹೇಳಿದಂದು ಬಿಟ್ಟುಕೊಡಬೇಕಾದದ್ದು. ಲೋಕದ ಪಾತ್ರಗಳೆಲ್ಲ ಚಾಲಗೇಣಿಯವು. ನಾವು ಅವನ್ನು ಮೂಲಗೇಣಿಯೆಂದು ಭ್ರಮಿಸಿ ಬೇಲಿ ಹಾಕಿಕೊಳ್ಳುತ್ತೇವೆ. ರಾಮದಾಸರು ಮಾತ್ರ ಎರಡನೆಯ ಸಲ ಬಂದ ಪಾತ್ರವನ್ನು ಧಣಿಯ ಸೊತ್ತೆಂದೇ ತಿಳಿದು ಸಾಗುವಳಿ ಮಾಡಿದರು.

ವೃದ್ಧಾಪ್ಯ

ಕಾಞಂಗಾಡಿನಲ್ಲಿ ಅವರು ಕಳೆದ ಮೂವತ್ತೆರಡು ವರ್ಷಗಳೇ ಹಿರಿಯರಾದವರಿಗೆ ಮುಖ್ಯವಾದ ಪಾಠ. ಮನೆ ಬಿಟ್ಟಾಗ ಅವರು ಮುದುಕರಾಗಿರಲಿಲ್ಲ. ಆದರೆ ಇಲ್ಲಿ ಅವರು ಎಲ್ಲರ ಕಣ್ಣೆದುರಿನಲ್ಲಿ ಮುದುಕರಾದರು. ಗೌರವವೂ ಕೀರ್ತಿಯೂ ಹೆಚ್ಚುತ್ತ ಹೋದುವು. ಗೌರವವು ಇಲ್ಲದಾಗ ಅಹಂಕಾರವನ್ನು ಬಿಡುವುದಕ್ಕಿಂತ ಅದು ಮನೆಬಾಗಿಲಿಗೆ ಬಂದಾಗ ಬಿಡುವುದು ಕಠಿನ. ಆಶ್ರಮದ ಸಂಸ್ಥಾಪಕರು, ಗುರುಗಳು, ಗ್ರಂಥಕರ್ತರು ಎಂಬ ಹೊಸ ಹೆಸರುಗಳು ಬಂದರೂ ಅವರು ತಮ್ಮ ಬಾಯಲ್ಲಿ ರಾಮದಾಸನಾಗಿಯೇ ಉಳಿದರು. ಶಿಷ್ಯಸ್ಥಾನದಲ್ಲಿ ಬಂದ ಕೃಷ್ಣಾಬಾಯಿಯವರನ್ನು ತಮಗೆ ಸಮಾನರೆಂದು ಕಂಡು, ಅವರ ಮಹಿಮೆಯನ್ನು ಕುರಿತು ತಾವೇ ಪುಸ್ತಕವನ್ನು ಬರೆದರು. ಆಶ್ರಮದ ಆಡಳಿತವನ್ನು ಅವರಿಗೆ ಒಪ್ಪಿಸಿ ತಾವು ಮಗುವಿನಂತೆ ನಿಶ್ಚಿಂತರಾಗಿದ್ದರು. ಬೀಗದ ಕೈಯನ್ನು ಕೊಟ್ಟ ಮೇಲೂ ಕಪಾಟಿನ ಕಡೆಗೆ ಕಣ್ಣಿಡುವ ನಮ್ಮ ಅಭ್ಯಾಸವನ್ನು ಇದರೊಡನೆ ಹೋಲಿಸಿ ನೋಡಬಹುದು.

೧೯೫೪ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಅವರು ಮಾತಾಜಿ ಕೃಷ್ಣಾಬಾಯಿ ಮತ್ತು ಸ್ವಾಮಿ ಸಚ್ಚಿದಾನಂದರೊಡನೆ ವಿಶ್ವಪರ್ಯಟನಕ್ಕೆ ಹೊರಟರು. ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್, ಅಮೇರಿಕ, ಜಪಾನ್ ಮೊದಲಾದ ದೇಶಗಳಲ್ಲಿ ಸಂಚರಿಸಿ ೧೯೫೫ರ ಆರಂಭದಲ್ಲಿ ಹಿಂದಿರುಗಿದರು. ಆ ಯಾತ್ರೆಯ ವೃತ್ತಾಂತಕ್ಕೆ ಜಗತ್ತೇ ದೇವರು ಎಂಬ ಅರ್ಥದ ಹೆಸರನ್ನಿಟ್ಟರು. ಎರಡನೆಯ ಮಹಾಯುದ್ಧವು ಮುಗಿದು ಹತ್ತು ವರ್ಷವೂ ಆಗಿರದ ಕಾಲ. ಜರ್ಮನ್, ಆಂಗ್ಲ, ಜಪಾನೀಯ ಎಂಬ ಪಾತ್ರಗಳಲ್ಲಿ ನಿಂತು ಒಬ್ಬರನ್ನೊಬ್ಬರು ಕೊಂದಿದ್ದ ಜನಾಂಗಗಳ ನಡುವೆ, ಎಲ್ಲರಲ್ಲಿಯೂ ಒಬ್ಬನೇ ರಾಮನನ್ನು ಕಂಡ ಈ ವೃದ್ಧರು ಸಂಚರಿಸಿದರು.

೧೯೬೩ರ ಜುಲೈ ೨೫ರಂದು, ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಸ್ವಾಮಿ ರಾಮದಾಸರು ಆನಂದಾಶ್ರಮದಲ್ಲಿ ದೇಹತ್ಯಾಗ ಮಾಡಿದರು. ಅನಂತರ ಮಾತಾಜಿಯವರು ೧೯೮೯ರವರೆಗೂ, ಆ ಬಳಿಕ ಸ್ವಾಮಿ ಸಚ್ಚಿದಾನಂದರು ೨೦೦೮ರವರೆಗೂ ಆಶ್ರಮವನ್ನು ನಡೆಸಿಕೊಂಡು ಬಂದರು. ಇಂದಿಗೂ ಅಲ್ಲಿ ರಾಮನಾಮದ ಧ್ವನಿ ನಿಂತಿಲ್ಲ.

ಉಪಸಂಹಾರ

ನಮ್ಮ ಕಡೆಯ ಕಳಿಯಾಟಗಳಲ್ಲಿ ತೆಯ್ಯಂ ಕಟ್ಟುವವನು ಮುಡಿಯನ್ನು ಧರಿಸಿ ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳುತ್ತಾನೆ. ಆಗ ಅವನು ದೈವವೇ. ಜಮೀನ್ದಾರನೂ ಅವನ ಮುಂದೆ ಕೈ ಮುಗಿದು ನಿಲ್ಲುತ್ತಾನೆ. ಕಟ್ಟುಕಟ್ಟಳೆ ಮುಗಿದು ಮುಡಿಯಿಳಿಸಿದ ಮೇಲೆ ಅವನು ತನ್ನ ಮನೆಗೆ ನಡೆದು ಹೋಗುತ್ತಾನೆ. ಮುಡಿಯನ್ನು ತಲೆಯಲ್ಲಿಟ್ಟುಕೊಂಡೇ ಮನೆಗೆ ಹೋಗುವೆನೆಂದು ಹಠ ಹಿಡಿದವನನ್ನು ಯಾರೂ ಕಂಡಿಲ್ಲ. ಯಜಮಾನಿಕೆ, ಅಧಿಕಾರ, ಮೊಕ್ತೇಸರಿಕೆಗಳಾದರೂ ಒಂದು ಕಾಲದ ಮುಡಿಗಳೇ. ಧರಿಸಿದಷ್ಟು ಹೊತ್ತು ಅವುಗಳ ಧರ್ಮವನ್ನು ಲೋಪವಿಲ್ಲದೆ ನಡೆಸಬೇಕು. ಇಳಿಸುವ ಹೊತ್ತು ಬಂದಾಗ ಎರಡೂ ಕೈಗಳಿಂದ ಇಳಿಸಿಕೊಡಬೇಕು.

ಹಾಗೆ ಇಳಿಸಿದಾಗ ಉಳಿಯುವುದೇನೆಂಬ ಭಯಕ್ಕೆ ಈ ಜೀರ್ಣೋದ್ಧಾರವೇ ಉತ್ತರವನ್ನು ಹೇಳುತ್ತದೆ. ಗರ್ಭಗುಡಿಯ ಮರಮಟ್ಟು ಹಳತಾಗಿ ಅದನ್ನು ಬಿಚ್ಚಬೇಕಾದಾಗ ತಂತ್ರಿಗಳು ದೇವರ ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿ ಬಾಲಾಲಯದಲ್ಲಿ ನೆಲೆಗೊಳಿಸುತ್ತಾರೆ. ಮಾಡು ಹೋಯಿತು, ಗೋಡೆ ಹೋಯಿತು. ಆದರೆ ದೇವರು ಹೋದರೆಂದು ಯಾರೂ ಅಳುವುದಿಲ್ಲ. ಪೂಜೆಯೂ ನೈವೇದ್ಯವೂ ಸಣ್ಣ 
ಗುಡಿಯಲ್ಲಿಯೇ ಸಾಂಗವಾಗಿ ನಡೆಯುತ್ತವೆ. ಮನುಷ್ಯನ ಮುಪ್ಪೂ ಒಂದು ಬಾಲಾಲಯವೇ. ದೊಡ್ಡ ಮಾಡುಗಳನ್ನು ಬಿಚ್ಚಿದ ಮೇಲೆ, ಚಿಕ್ಕದೊಂದು ಸ್ಥಳದಲ್ಲಿ ಅದೇ ಸಾನ್ನಿಧ್ಯವು ಇರುತ್ತದೆ. ಅದನ್ನು ಪೂಜಿಸಿಕೊಂಡಿರುವುದಕ್ಕೆ ಬಾಲಕೃಷ್ಣರಾಯರಂತೆ ಮನೆಯೊಳಗೇ ಇದ್ದರೂ ಆದೀತು, ರಾಮದಾಸರಂತೆ ಹೊರಗಿದ್ದರೂ ಆದೀತು. ನಾಮವೊಂದು ನಾಲಗೆಯ ಮೇಲಿದ್ದರೆ ಸಾಕು.

ಶ್ರೀ ದೇವರ ಸನ್ನಿಧಿಯ ಈ ನವೀಕರಣವು ನಿರ್ವಿಘ್ನವಾಗಿ ನೆರವೇರಲಿ. ಬ್ರಹ್ಮಕಲಶದ ತೀರ್ಥವು ತಲೆಯ ಮೇಲೆ ಬೀಳುವಾಗ ಊರಿನ ಹಿರಿಯರೆಲ್ಲರ ಮನಸ್ಸಿನ ಭಾರವೂ ಇಳಿಯಲಿ. ಕಾಞಂಗಾಡಿನ ದಾಸರಿಗೆ ಒಲಿದ ಆನಂದದ ಒಂದು ಬಿಂದುವಾದರೂ ಸರ್ವರಿಗೂ ಲಭಿಸಲಿ ಎಂದು ಶ್ರೀರಾಮಚಂದ್ರನಲ್ಲಿ ಪ್ರಾರ್ಥನೆ.

ಸರ್ವೇ ಜನಾಃ ಸುಖಿನೋ ಭವಂತು.